ಗಣಿಯ ದೂಳು, ಬೀಡಿಯ ಹೊಗೆ, ಹಣೆಬರಹ



ನಮ್ಮ ಉಪ್ಪಾರಹಳ್ಳಿಯ ಹೆಸರಿನಲ್ಲೇ ಒಂದು ಕಸುಬು ಅಡಗಿದೆ. ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದವರು ಉಪ್ಪಾರರು. ಆ ಕಸುಬು ಹಿಂದೆ ಸರಿದ ಮೇಲೆ ಸುಣ್ಣ, ಗೋಡೆ, ಮಣ್ಣಿನ ಕೆಲಸಗಳು ಅವರ ಪಾಲಿಗೆ ಬಂದವು. ಕಸುಬಿನಿಂದ ಹೆಸರು ಬರುವಂತೆ ಕಾಯಿಲೆಯೂ ಬರುವುದುಂಟು. ಇದಕ್ಕೆ ನಮ್ಮ ನಾಡಿನ ದೊಡ್ಡ ಸಾಕ್ಷಿ ಕೋಲಾರದ ಚಿನ್ನದ ಗಣಿ.

1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಇದನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ! ದೂಳಿನ ವಿಷಯ ಮಾತ್ರ ಪಾಠದಲ್ಲಿರಲಿಲ್ಲ. ಚಿನ್ನವಿದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಅದನ್ನು ಕೊರೆದಾಗ, ಸಿಡಿಸಿದಾಗ ಏಳುವ ಸಿಲಿಕಾ ಕಣಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮ. ಉಸಿರಿನೊಡನೆ ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಅವನ್ನು ನುಂಗಲು ಬಂದ ರಕ್ಷಕ ಜೀವಕೋಶಗಳೇ ಸತ್ತು, ಆ ಜಾಗದಲ್ಲಿ ಗಟ್ಟಿ ಗಂಟುಗಳು ಮೂಡುತ್ತವೆ. ಗಣಿ ಬಿಟ್ಟ ಮೇಲೂ ಅವು ಬೆಳೆಯಬಹುದು. ಕ್ಷಯವೂ ಇಂಥವರನ್ನು ಸುಲಭವಾಗಿ ಹಿಡಿಯುತ್ತದೆ. ಇದೇ ಸಿಲಿಕೋಸಿಸ್. 1947ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಪರೀಕ್ಷಿಸಿದ ಕೋಲಾರದ ಕಾರ್ಮಿಕರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿಗೆ ಈ ರೋಗವಿತ್ತು.

ಉಳಿದವರಿಗೆ ಏಕೆ ಬರಲಿಲ್ಲ? ಎಷ್ಟು ವರ್ಷ, ಎಂಥ ದೂಳಿನಲ್ಲಿ ದುಡಿದರೆಂಬುದೇ ಮೊದಲ ಕಾರಣ. ಆದರೆ ನಮ್ಮ ಜನ ಅದನ್ನು ಬಿಟ್ಟು ಹಣೆಬರಹವೆನ್ನುತ್ತಾರೆ, ಇಲ್ಲವೇ ಬೀಡಿ ಸೇದಿ ಎದೆ ಕೆಡಿಸಿಕೊಂಡನೆನ್ನುತ್ತಾರೆ. ಬೀಡಿಯೇನೂ ನಿರಪರಾಧಿಯಲ್ಲ. ಶ್ವಾಸಕೋಶದ ಕ್ಯಾನ್ಸರಿಗೂ ಧೂಮಪಾನಕ್ಕೂ ಇರುವ ನಂಟನ್ನು ಇಂಗ್ಲೆಂಡಿನ ಡಾಲ್ ಮತ್ತು ಹಿಲ್ 1950ರಲ್ಲೇ ತೋರಿಸಿದರು. ಅಮೆರಿಕದ ಕಲ್ನಾರು ಕಾರ್ಮಿಕರನ್ನು ಪರೀಕ್ಷಿಸಿದ ಸೆಲಿಕಾಫ್ ಮತ್ತು ಸಂಗಡಿಗರು 1968ರಲ್ಲಿ ಇನ್ನೊಂದು ಸಂಗತಿ ಕಂಡರು: ಕಲ್ನಾರಿನ ದೂಳೂ ಹೊಗೆಯೂ ಸೇರಿದರೆ ಕ್ಯಾನ್ಸರಿನ ಅಪಾಯ ಸಂಕಲನಕ್ಕಿಂತ ಗುಣಾಕಾರಕ್ಕೆ ಹತ್ತಿರ.

ಹಣೆಬರಹವೆಂಬ ಮಾತಿನಲ್ಲೂ ಚೂರು ಹುರುಳಿದೆ. 1963ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್, ಶ್ವಾಸಕೋಶವನ್ನು ಕಾಯುವ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನು ಕೆಲವರಲ್ಲಿ ಹುಟ್ಟಿನಿಂದಲೇ ತೀರ ಕಡಿಮೆಯೆಂದು ಗುರುತಿಸಿದರು. ಇದು ಅಪರೂಪದ, ವಂಶದಲ್ಲಿ ಇಳಿದುಬರುವ ದೋಷ. ಅಂಥವರು ಸೇದಿದರೆ ಶ್ವಾಸಕೋಶ ಬಹು ಬೇಗ ಸವೆಯುತ್ತದೆ.

ಆದರೆ ಬೀಡಿ ಮುಟ್ಟದವನಿಗೂ ಸಿಲಿಕೋಸಿಸ್ ಬರುತ್ತದೆ. ಸಿಲಿಕಾ ದೂಳು ಕುಡಿಯದವನಿಗೆ, ಅವನ ವಂಶವಾಹಿ ಎಂಥದೇ ಇರಲಿ, ಬರುವುದಿಲ್ಲ. ಪರಿಹಾರ ಕೇಳಿ ಬಂದ ಕಾರ್ಮಿಕನ ಬೀಡಿಯ ಲೆಕ್ಕ ತೆಗೆಯುವುದು ನನ್ನ ಮಟ್ಟಿಗೆ ಅನ್ಯಾಯ.

ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಕಲ್ಲು ಕೊಯ್ಯುವ ಕೆಲಸ ಮುಚ್ಚಿಲ್ಲ. ನಿಮ್ಮಲ್ಲಿ ಮನೆ ಕಟ್ಟಿಸುತ್ತಿರುವವರು, ಗ್ರಾನೈಟ್ ಕೊಯ್ಯುವ ಹುಡುಗ ಬ್ಲೇಡಿಗೆ ನೀರು ಬಿಟ್ಟುಕೊಂಡಿದ್ದಾನೆಯೇ ಎಂದು ಒಮ್ಮೆ ನೋಡಿ.