ಕಲಹದಿಂದ ಹಿತಕ್ಕೆ: ಕೆಲವು ಇಂಗ್ಲಿಷ್ ಪದಗಳ ಚರಿತ್ರೆ

ವಾದಕ್ಕೂ ಭಿನ್ನಾಭಿಪ್ರಾಯಕ್ಕೂ ಸಲ್ಲುವ ಇಂಗ್ಲಿಷ್ ಪದಗಳ ಹಿಂದೆ ಆ ನಾಡಿನ ಚರಿತ್ರೆಯೇ ಅಡಗಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಜಯಿಸಿದ ತರುವಾಯ ಅಲ್ಲಿನ ನ್ಯಾಯಸ್ಥಾನಗಳಲ್ಲಿ ಫ್ರೆಂಚ್ ನೆಲೆಗೊಂಡಿತು. ಜನರಿಗೆ ಆ ಭಾಷೆ ತಿಳಿಯದೆಂಬ ಕಾರಣದಿಂದ, ವಾದವು ಇಂಗ್ಲಿಷಿನಲ್ಲಿಯೇ ನಡೆಯತಕ್ಕದ್ದೆಂದು 1362ರ ಶಾಸನವು ವಿಧಿಸಿತು. ಆದರೂ ಫ್ರೆಂಚ್, ಲ್ಯಾಟಿನ್ ಮೂಲದ ಪದಗಳು ಉಳಿದುಕೊಂಡವು.

‘ಡಿಬೇಟ್’ ಪದದ ಮೂಲಾರ್ಥ ಹೊಡೆದು ಕೆಡಹುವುದು. ‘ಡಿಸ್ಕಸ್’ ಪದದ್ದು ಅಲುಗಿಸಿ ಒಡೆಯುವುದು. ಇಂದು ಎರಡೂ ಸಭ್ಯವಾದ ವಿಚಾರವಿನಿಮಯಕ್ಕೆ ಸಲ್ಲುತ್ತವೆ. ‘ಡಿಸ್ಪ್ಯೂಟ್’ ಪದದ ಗತಿ ಇದಕ್ಕೆ ವಿಪರೀತ. ಅದರ ಲ್ಯಾಟಿನ್ ಧಾತುವಿಗೆ ಲೆಕ್ಕ ಹಾಕುವುದೆಂಬ ಅರ್ಥವಿದೆ. ‘ಕಂಪ್ಯೂಟರ್’ ಹುಟ್ಟಿದ್ದೂ ಅದೇ ಧಾತುವಿನಿಂದ. ಲೆಕ್ಕವನ್ನು ಮರೆತ ಆ ಪದವು ಕೇವಲ ತಕರಾರಿನ ಹೆಸರಾಯಿತು.

ಹಳೆಯ ಇಂಗ್ಲಿಷಿನ ‘ಸಕು’ ಎಂಬ ಪದವನ್ನೂ ನೋಡಬೇಕು. ವ್ಯಾಜ್ಯ, ಕಲಹ ಎಂಬುದು ಅದರ ಅರ್ಥ. ಅದೇ ಇಂದಿನ ‘ಸೇಕ್’. ಒಬ್ಬರ ಹಿತಕ್ಕಾಗಿ, ಒಂದು ಉದ್ದೇಶಕ್ಕಾಗಿ ಎನ್ನುವಾಗ ಅದನ್ನು ಬಳಸುತ್ತಾರೆ. ಯಾರದೋ ವ್ಯಾಜ್ಯವೆಂಬುದು ಯಾರದೋ ಪರವಾಗಿ ಎಂದಾಗಿ, ಕಡೆಗೆ ಹಿತವೆಂದಾಯಿತು. ಆಡುವವರ ನಡತೆಯಂತೆ ಪದವೂ ಕಾಲಕ್ರಮದಲ್ಲಿ ಮೃದುವಾಗುತ್ತದೆ, ಕಠಿಣವೂ ಆಗುತ್ತದೆ. ವಾದಕ್ಕೆ ತೊಡಗುವವರು ‘ಡಿಸ್ಪ್ಯೂಟ್’ ಕಳೆದುಕೊಂಡ ಲೆಕ್ಕವನ್ನು ನೆನೆಯುವುದು ಲೇಸು.