ಶ್ಯಾಂಬರ್ಗ್ ಕಾಯಿಲೆ

ಕಾಲಿನ ಚರ್ಮದಲ್ಲಿ, ಹೆಚ್ಚಾಗಿ ಮೊಣಕಾಲಿನಿಂದ ಕೆಳಗೆ, ಕಂದುಗೆಂಪು ಕಲೆಗಳು ನಿಧಾನವಾಗಿ ಮೂಡಿ ಹರಡುವ ದೀರ್ಘಕಾಲದ ತೊಂದರೆ. ಲೋಮನಾಳಗಳಿಂದ ಸೋರಿದ ರಕ್ತದಲ್ಲಿನ ಕಬ್ಬಿಣ ಚರ್ಮದಲ್ಲೇ ಉಳಿದು ಈ ಬಣ್ಣ ಬರುತ್ತದೆ. ಇದು ಅಂಟುರೋಗವಲ್ಲ, ಒಳ ಅಂಗಗಳಿಗೆ ಹಾನಿ ಮಾಡುವುದಿಲ್ಲ. ನಾಳಗಳು ಸೋರುವುದೇಕೆ ಎಂಬುದು ಮಾತ್ರ ಬಹುಪಾಲು ರೋಗಿಗಳಲ್ಲಿ ತಿಳಿಯುವುದಿಲ್ಲ.

ಲಕ್ಷಣಗಳು

ಮೊದಲು ಹರಡಿನ ಸುತ್ತ ಅಥವಾ ಕಣಕಾಲಿನ ಮೇಲೆ ಗುಂಡುಸೂಜಿಯ ತಲೆಯಷ್ಟು ಸಣ್ಣ ಕೆಂಪು ಚುಕ್ಕೆಗಳು, ಮೆಣಸಿನ ಪುಡಿ ಉದುರಿಸಿದಂತೆ, ಕಾಣುತ್ತವೆ. ಹಳೆಯವು ಕಂದಾಗುತ್ತಿದ್ದಂತೆ ಕಲೆಯ ಅಂಚಿನಲ್ಲಿ ಹೊಸವು ಹುಟ್ಟುತ್ತವೆ. ನೋವಿರುವುದಿಲ್ಲ, ಕೆಲವರಿಗೆ ತುಸು ನವೆ. ಯಾವ ವಯಸ್ಸಿನಲ್ಲೂ ಬರಬಹುದು, ಗಂಡಸರಲ್ಲಿ ಹೆಚ್ಚು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಚುಕ್ಕೆ ಕಣ್ಣಿಗೆ ಬೀಳುವುದು ಕಷ್ಟ. ಉಜ್ಜಿದರೂ ಹೋಗದ ಕಂದು ಕಲೆಯೊಂದಿಗೆ ಅವರು ತಡವಾಗಿ ವೈದ್ಯರ ಬಳಿ ಬರುವುದುಂಟು.

ಇತಿಹಾಸ

ಫಿಲಡೆಲ್ಫಿಯಾದ ಚರ್ಮತಜ್ಞ ಜೇ ಫ್ರಾಂಕ್ ಶ್ಯಾಂಬರ್ಗ್ (1870–1934) 1901ರಲ್ಲಿ ಬ್ರಿಟನ್ನಿನ ಚರ್ಮವೈದ್ಯ ಪತ್ರಿಕೆಯೊಂದರಲ್ಲಿ 15 ವರ್ಷದ ಹುಡುಗನೊಬ್ಬನ ಕಾಲಿನ ಕಲೆಗಳನ್ನು ವಿವರಿಸಿದ. ಕಾಯಿಲೆಗೆ ಅವನ ಹೆಸರೇ ನಿಂತಿತು. ಇದಕ್ಕೆ ಮುಂಚೆಯೇ, 1896ರಲ್ಲಿ, ಇಟಲಿಯ ಡೊಮೆನಿಕೊ ಮಾಯೊಕ್ಕಿ ಉಂಗುರದಾಕಾರದ ಬಗೆಯನ್ನು ಗುರುತಿಸಿದ್ದ. 1925ರಲ್ಲಿ ಫ್ರಾನ್ಸಿನ ಗೂಜೆರೋ ಮತ್ತು ಬ್ಲೂಮ್ ಸಣ್ಣ ಗಂಟುಗಳಿರುವ ಬಗೆಯನ್ನೂ, 1953ರಲ್ಲಿ ಗ್ರೀಸಿನ ಡೂಕಾಸ್ ಮತ್ತು ಕಪೆಟನಾಕಿಸ್ ಇಸಬಿನಂತೆ ನವೆಯಾಗುವ ಬಗೆಯನ್ನೂ ಸೇರಿಸಿದರು. ಸೂಕ್ಷ್ಮದರ್ಶಕದಡಿ ಇವು ಬಹುಮಟ್ಟಿಗೆ ಒಂದೇ ತೆರನಾಗಿ ಕಾಣುವುದರಿಂದ, ಒಂದೇ ಕಾಯಿಲೆಯ ಹಲವು ರೂಪಗಳಿರಬಹುದು ಎಂದು ಅನೇಕರು ಭಾವಿಸುತ್ತಾರೆ.

ಶ್ಯಾಂಬರ್ಗ್ ಕಾರಣಗಳನ್ನು ಬೆನ್ನಟ್ಟಿದ ವೈದ್ಯ. 1909ರಲ್ಲಿ ಜೋಸೆಫ್ ಗೋಲ್ಡ್‌ಬರ್ಗರ್ ಜೊತೆಗೂಡಿ, ಜನರ ಮೈಮೇಲೆ ಏಳುತ್ತಿದ್ದ ನವೆಯ ದದ್ದಿಗೆ ಹುಲ್ಲಿನ ಹಾಸಿಗೆಯಲ್ಲಿನ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೇ ಮೂಲವೆಂದು ತೋರಿಸಿಕೊಟ್ಟ. ಮೊದಲ ಮಹಾಯುದ್ಧದಲ್ಲಿ ಸಿಫಿಲಿಸ್ಸಿನ ಜರ್ಮನ್ ಔಷಧಿ ಬರುವುದು ನಿಂತಾಗ, ಕೋಲ್ಮರ್ ಮತ್ತು ರೈಜಿಸ್ ಅವರೊಂದಿಗೆ ಅದನ್ನು ಫಿಲಡೆಲ್ಫಿಯಾದಲ್ಲೇ ತಯಾರಿಸಿದ. ಹಾಸಿಗೆಯ ಹುಲ್ಲಿನಲ್ಲಿ ಅಡಗಿದ್ದ ಕಾರಣವನ್ನು ಹಿಡಿದವನ ಹೆಸರು ಹೊತ್ತ ಕಾಯಿಲೆಯ ಕಾರಣ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ.

ಬಣ್ಣದ ಮೂಲ

ಲೋಮನಾಳಗಳ ಸುತ್ತ ಲಿಂಫೋಸೈಟ್ ಕಣಗಳು ಸೇರಿ ಹಗುರವಾದ ಉರಿಯೂತ ಉಂಟಾಗುತ್ತದೆ. ಕೆಂಪು ರಕ್ತಕಣಗಳು ಹೊರಜಾರುತ್ತವೆ. ಅವನ್ನು ನುಂಗಿದ ಭಕ್ಷಕ ಕಣಗಳು ಹೀಮೋಗ್ಲೋಬಿನ್ನಿನ ಕಬ್ಬಿಣವನ್ನು ಹೀಮೋಸಿಡೆರಿನ್ ಎಂಬ ಕಂದು ವಸ್ತುವಾಗಿ ಕೂಡಿಡುತ್ತವೆ. ಪೆಟ್ಟುಬಿದ್ದ ಜಾಗದ ಕಂದು ಬಣ್ಣವೂ ಇದೇ. ಆದರೆ ಅಲ್ಲಿ ಸೋರಿಕೆ ಒಮ್ಮೆ, ಇಲ್ಲಿ ಮತ್ತೆ ಮತ್ತೆ. ಸುಮ್ಮನೆ ನಿಂತಾಗ ಹರಡಿನ ಅಭಿಧಮನಿಗಳಲ್ಲಿ ಒತ್ತಡ ಸುಮಾರು 80–90 ಮಿಲಿಮೀಟರ್ ಪಾದರಸಕ್ಕೆ ಏರುತ್ತದೆ. ನಡೆಯುವಾಗ ಮೀನಖಂಡದ ಸ್ನಾಯು ರಕ್ತವನ್ನು ಮೇಲೆತ್ತುವುದರಿಂದ ಇಳಿಯುತ್ತದೆ. ಕಲೆಗಳು ಕಾಲನ್ನೇ ಆರಿಸಿಕೊಳ್ಳುವುದಕ್ಕೆ ಈ ಒತ್ತಡವೂ ಒಂದು ಕಾರಣವಿರಬಹುದು. ಕೆಲವರಲ್ಲಿ ಔಷಧಿಗಳ ಸಂಬಂಧ ಕಂಡುಬಂದಿದೆ.

ಗುರುತಿಸುವ ಬಗೆ

ಗಾಜಿನ ಪಟ್ಟಿಯಿಂದ ಒತ್ತಿದಾಗ ಚುಕ್ಕೆ ಮಾಸದಿದ್ದರೆ ರಕ್ತ ನಾಳದಿಂದ ಹೊರಬಂದಿದೆಯೆಂದು ಅರ್ಥ. ಬಳಿಕ ಬೇರೆ ಸಾಧ್ಯತೆಗಳನ್ನು ಒಂದೊಂದಾಗಿ ತಳ್ಳಿಹಾಕಬೇಕು. ಪ್ಲೇಟ್‌ಲೆಟ್ ಎಣಿಕೆ ಸರಿಯಿರಬೇಕು. ಕೈಗೆ ಉಬ್ಬು ತಗುಲಿದರೆ ರಕ್ತನಾಳಗಳ ಉರಿಯೂತವನ್ನೂ, ಕಾಲಿನ ರಕ್ತನಾಳ ಉಬ್ಬಿ ಪಾದ ಊದಿಕೊಂಡಿದ್ದರೆ ಅಭಿಧಮನಿಯ ದೋಷವನ್ನೂ ಶಂಕಿಸಬೇಕು. ಕಲೆಯ ಜಾಗದಲ್ಲಿ ಸ್ಪರ್ಶ ತಿಳಿಯದಿದ್ದರೆ ಕುಷ್ಠರೋಗದ ತಪಾಸಣೆ ತಡಮಾಡಬಾರದು. ಚರ್ಮದ ಒಂದು ಬಗೆಯ ಲಿಂಫೋಮಾ ಅಪರೂಪಕ್ಕೆ ಇದೇ ವೇಷದಲ್ಲಿ ಬರುತ್ತದೆ. ಆದ್ದರಿಂದ ಕಲೆ ವಿಪರೀತ ಹರಡಿದರೆ ಬಯಾಪ್ಸಿ ಅಗತ್ಯ. ಕಬ್ಬಿಣವನ್ನು ನೀಲಿಯಾಗಿಸುವ ಪರ್ಲ್ಸ್ ಬಣ್ಣ ಅಲ್ಲಿ ನೆರವಾಗುತ್ತದೆ.

ಚಿಕಿತ್ಸೆ

ಖಚಿತ ಮದ್ದಿಲ್ಲ. ಶಂಕಿತ ಔಷಧಿಯನ್ನು ವೈದ್ಯರ ಸಲಹೆಯಂತೆ ಬದಲಿಸುವುದು, ಬಿಗಿ ಕಾಲುಚೀಲ ತೊಡುವುದು, ನವೆಗೆ ಸ್ಟೀರಾಯ್ಡ್ ಮುಲಾಮು ರೂಢಿಯಲ್ಲಿವೆ. ವಿಟಮಿನ್ ಸಿ ಜೊತೆ ರುಟೊಸೈಡ್, ಬೆಳಕಿನ ಚಿಕಿತ್ಸೆ ಕೆಲವರಿಗೆ ಫಲ ಕೊಟ್ಟಿವೆ. ಆಧಾರ ಸಣ್ಣ ಅಧ್ಯಯನಗಳದು. ಸೋರಿಕೆ ನಿಂತರೂ ಉಳಿದ ಕಬ್ಬಿಣ ಕರಗಲು ತಿಂಗಳುಗಳೇ ಬೇಕು. ಹಾಗಾಗಿ ಹಳೆಯ ಕಲೆ ಮಾಸಿಲ್ಲವೆಂದು ಧೃತಿಗೆಡದೆ, ಅಂಚಿನಲ್ಲಿ ಹೊಸ ಕೆಂಪು ಚುಕ್ಕೆ ಮೂಡುತ್ತಿದೆಯೇ ಎಂದು ನೋಡಬೇಕು.