ಚೇಳಿನ ಮಂತ್ರದಿಂದ ಗುಳಿಗೆಯವರೆಗೆ



ಇವತ್ತು ನಾವು ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಅಂತ ಕರೆಯುವ ಜಾಗವೆಲ್ಲ ಒಂದು ಕಾಲಕ್ಕೆ ಸಾರಕ್ಕಿ, ಯಡಿಯೂರು, ತಾವರೆಕೆರೆ, ಕತ್ತರಿಗುಪ್ಪೆ ಮುಂತಾದ ಹಳ್ಳಿಗಳ ಹೊಲ, ಕೆರೆ, ತೋಪು, ಬಂಡೆ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ಮೇಲೆ ಒಂದೊಂದಾಗಿ ಬಡಾವಣೆಗಳು ಎದ್ದವು. ಹೊಲ ಹೋಯಿತು, ಬಂಡೆ ಒಡೆದರು. ಚೇಳು ಮಾತ್ರ ಪೂರ್ತಿ ಹೋಗಲಿಲ್ಲ. ಇಟ್ಟಿಗೆ ರಾಶಿ, ಸೌದೆ ಒಟ್ಟಿಲು, ಗೊಬ್ಬರದ ಮೂಟೆಯ ಸಂದಿ, ಎಲ್ಲವೂ ಅದಕ್ಕೆ ಮನೆಯೇ. ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಸಾಲ, ಷೇರಿನ ಲೆಕ್ಕದ ಜೊತೆಗೆ ಚೇಳಿನ ಮದ್ದಿನ ಚರಿತ್ರೆಯೂ ಇರಲಿ ಎಂದು ಬರೆಯುತ್ತಿದ್ದೇವೆ.

ನಮ್ಮ ನಾಡಿನಲ್ಲಿ ಚೇಳಿನ ಭಯ ಎಷ್ಟಿತ್ತೆಂದರೆ ಅದಕ್ಕೆ ದೇವರೇ ಇದ್ದಾಳೆ. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮ ಇದ್ದಾಳೆ. ಚೇಳು ಕಡಿಯದಂತೆ ಕಾಯಮ್ಮಾ ಎಂದು ಜನ ಹರಕೆ ಹೊರುತ್ತಾರೆ. ಯಾದಗಿರಿ ಕಡೆಯ ಕಂದಕೂರಿನಲ್ಲಂತೂ ನಾಗರಪಂಚಮಿಯ ದಿನ ಬೆಟ್ಟ ಹತ್ತಿ ಚೇಳನ್ನು ಕೈಮೇಲೆ ಬಿಟ್ಟುಕೊಳ್ಳುತ್ತಾರೆ. ಹಳ್ಳಿಗಳಲ್ಲಿ ಮಂತ್ರ ಹಾಕುವವರಿದ್ದರು. ಹುಣಸೆ ಬೀಜ ತೇಯ್ದು ಅಂಟಿಸುವುದು, ಈರುಳ್ಳಿ ಉಜ್ಜುವುದು, ಹೀಗೆ ಮನೆಮನೆಗೊಂದು ಮದ್ದು.

ಹಾಗಾದರೆ ಮಂತ್ರದಿಂದ ವಾಸಿ ಆಗುತ್ತಿದ್ದುದು ಹೇಗೆ? ಹೆಚ್ಚಿನ ಚೇಳುಗಳ ಕಡಿತದಲ್ಲಿ ನೋವು ಮಾತ್ರ ಇರುತ್ತದೆ. ಕೆಲವು ಗಂಟೆಗಳಲ್ಲಿ ಅದು ತಾನೇ ಇಳಿಯುತ್ತದೆ. ಆ ಹೆಸರು ಮಂತ್ರಕ್ಕೆ ಬರುತ್ತಿತ್ತು. ನೋಡಿದರೆ ಎದೆ ಝಲ್ಲೆನ್ನಿಸುವ ದೊಡ್ಡ ಕಪ್ಪು ಚೇಳಿಗಿಂತ ಸಣ್ಣ ಕೆಂಪು ಚೇಳು ಹೆಚ್ಚು ಅಪಾಯಕಾರಿ. ಅದರ ವಿಷ ಏರಿದಾಗ, ಅದರಲ್ಲೂ ಮಕ್ಕಳಿಗೆ, ಮಂತ್ರಕ್ಕೆ ಕಾದ ಹೊತ್ತೇ ಪ್ರಾಣಕ್ಕೆ ಕುತ್ತಾಗುತ್ತಿತ್ತು.

ಇದಕ್ಕೆ ದಾರಿ ತೋರಿಸಿದವರು ದೊಡ್ಡ ನಗರದವರಲ್ಲ, ಹಳ್ಳಿಯ ಡಾಕ್ಟರು. ಮಹಾರಾಷ್ಟ್ರದ ಕೊಂಕಣದಲ್ಲಿ, ಮಹಾಡ್ ಹತ್ತಿರ 1970ರ ದಶಕದಲ್ಲಿ ಕೆಲಸಕ್ಕೆ ಸೇರಿದ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ರೋಗಿಗಳ ಪಕ್ಕದಲ್ಲೇ ಕೂತು ಗಮನಿಸಿದರು. ವಿಷ ಏರಿದಾಗ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಹೃದಯ ಸೋಲುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಬಿಗಿದ ನಾಳ ಸಡಿಲಿಸಲು ರಕ್ತದೊತ್ತಡದ ಪ್ರಾಜೋಸಿನ್ ಗುಳಿಗೆಯನ್ನು 1980ರ ದಶಕದಲ್ಲಿ ಬಳಸಿದರು. ಮೊದಲು ವಿಷವೇರಿದ ರೋಗಿಗಳಲ್ಲಿ ನೂರಕ್ಕೆ ಸುಮಾರು 30 ಜನ ಸಾಯುತ್ತಿದ್ದರು. ಆಮೇಲೆ ಅದು ಒಂದೆರಡಕ್ಕೆ ಇಳಿಯಿತು. ಚೇಳಿನ ವಿಷಕ್ಕೆ ಪ್ರತಿವಿಷದ ಇಂಜೆಕ್ಷನ್ನೂ ಬಂತು. 2011ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 70 ರೋಗಿಗಳಿದ್ದರು. ಗುಳಿಗೆ, ಇಂಜೆಕ್ಷನ್ ಎರಡೂ ಪಡೆದ 35 ಜನರಲ್ಲಿ 32 ಮಂದಿ ಹತ್ತು ಗಂಟೆಯೊಳಗೆ ಚೇತರಿಸಿಕೊಂಡರು. ಗುಳಿಗೆ ಮಾತ್ರ ಪಡೆದ 35ರಲ್ಲಿ 8 ಮಂದಿ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಈ ಚರಿತ್ರೆಯಿಂದ ನಾವು ಕಲಿಯಬೇಕಾದ್ದು ಇಷ್ಟು. ಕಡಿದ ಜಾಗದಲ್ಲಿ ಪ್ರಾಣ ಹೋಗುವಂಥ ನೋವಿದ್ದು, ಕೈಕಾಲು ಬೆಚ್ಚಗಿದ್ದರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಆದರೂ ಡಾಕ್ಟರಿಗೆ ತೋರಿಸಿ. ಮೈಯೆಲ್ಲ ಬೆವರು, ವಾಂತಿ, ಬಾಯಲ್ಲಿ ಜೊಲ್ಲು, ಕೈಕಾಲು ತಣ್ಣಗಾಗುವುದು, ಎದೆಬಡಿತದ ಏರುಪೇರು, ಕೆಮ್ಮು, ಉಬ್ಬಸ ಕಂಡರೆ ಒಂದು ನಿಮಿಷವೂ ತಡ ಮಾಡಬಾರದು. ನೋವು ಕಮ್ಮಿ ಇದೆಯಲ್ಲ ಅಂತ ಸುಮ್ಮನಿರಬೇಡಿ. ವಿಷ ಮೈಗೇರಿದಾಗ ಕಡಿದ ಕಡೆ ನೋವು ಕಮ್ಮಿಯೇ ಇರಬಹುದು.

ಕಡಿದ ಜಾಗವನ್ನು ಕುಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗ ಬಿಗಿಯಬೇಡಿ. ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು, ರೋಗಿಗೆ ಧೈರ್ಯ ಹೇಳಿ ಕರಕೊಂಡು ಹೋಗಿ. ಪ್ರಾಜೋಸಿನ್ ಮನೆಯಲ್ಲಿ ನುಂಗುವ ಗುಳಿಗೆಯಲ್ಲ. ರಕ್ತದೊತ್ತಡ ಇಳಿದು ಬೀಳಬಹುದು, ಡಾಕ್ಟರೇ ಕೊಡಬೇಕು. ನಮ್ಮ ಕಡೆಯವರಿಗೆ ಜಯನಗರದ ಸರ್ಕಾರಿ ಜನರಲ್ ಆಸ್ಪತ್ರೆ ಇದೆ, 108 ಗಾಡಿ ಇದೆ.

ಚೇಳಮ್ಮನಿಗೆ ಕೈ ಮುಗಿಯುವವರು ಮುಗಿಯಲಿ, ಅದು ಅವರವರ ನಂಬಿಕೆ. ಕೂಸಿನ ಅಂಗಾಲು ತಣ್ಣಗಾಗಿದೆಯಾ ಅಂತ ಮೊದಲು ಮುಟ್ಟಿ ನೋಡಿ. ಚಪ್ಪಲಿ ಕೊಡವಿ ಮೆಟ್ಟಿ, ರಾತ್ರಿ ಟಾರ್ಚು ಹಿಡಿದು ಓಡಾಡಿ.